ಮೂವತ್ತೇಳನೆಯ ಕಾಗದ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಜಗಳಗಂಟಿಗೆ,

ನಿನ್ನ ಗಂಟುಮೋರೆಯ ನೆನಪುಗಳು. ನಾನು ಇಲ್ಲಿ ಕ್ಷೇಮ. ನಿನ್ನ ಅಮ್ಮ ನನಗಿಂತ ಕ್ಷೇಮ. ನೀನು ಕ್ಷೇಮವೆಂಬುದು ನಿನ್ನ ಎರಡು ಕಾಗದಗಳಿಂದ ತಿಳಿಯಿತು. ಉತ್ತರ ತಡವಾಯಿತು, ತಪ್ಪಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಮುನಿಸಿತ್ತು ಎಂದು ಬರೆದರೆ ತಕ್ಷಣ ನಂಬುತ್ತೀಯ. ಎರಡೂ ಇತ್ತು ಅಂದುಕೋ. ಫೋನು ಮಾಡಬಹುದಿತ್ತು, ನಿಜ. ಆದರೆ ನಿನ್ನ ಹಾಸ್ಟೆಲಿನ ಕಾವಲುಗಾರ ನಿನ್ನನ್ನು ಕೂಗಿ ಕರೆದು, ನೀನು ಮೂರು ಮಹಡಿ ಇಳಿದು ಬಂದು, ಏದುಸಿರು ಬಿಡುತ್ತಾ "ಏನ್ರೀ" ಅನ್ನುವಷ್ಟರಲ್ಲಿ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗಿ ಜಗಳವೊಂದೇ ನೆನಪಿರುತ್ತದೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಮೊದಲು ಮನೆಯ ಸುದ್ದಿ. ಅಡುಗೆಮನೆ ಕಿಟಕಿಯ ಚಿಲಕ ಕೊನೆಗೂ ಕೈಗೇ ಕಿತ್ತು ಬಂತು. ನನ್ನ ಹಳೆಯ ಬೂಟಿನ ನೀಲಿ ಲೇಸು ಬಿಗಿದು ಕಟ್ಟಿದ್ದೇನೆ. ಅತ್ತೆ ಅದನ್ನು ಎರಡು ಬಾರಿ ಎಳೆದು ನೋಡಿ, "ಅಳಿಯಂದ್ರೇ, ಊರಲ್ಲಿ ಬಡಗಿ ಅಂತ ಒಬ್ರು ಇರ್ತಾರಂತೆ, ಕೇಳಿದೀರಾ?" ಎಂದರು. ಕೇಳಿದ್ದೇನೆ ಎಂದೆ. "ಹಂಗಾದ್ರೆ ಸರಿ," ಎಂದು ಹೋಗಿ ಮಲಗಿದರು. ನೀನು ಯೂನಿಯನ್ ಕೆಲಸಕ್ಕೆಂದು ರಾಜಧಾನಿಗೆ ಹೋಗಿ ಮೂರು ವಾರವಾಯಿತು. ನಮ್ಮಿಬ್ಬರ ನಡುವೆ ಇನ್ನೂ ರಕ್ತಪಾತವಾಗಿಲ್ಲ.

ಇನ್ನು ನನ್ನ ಸುದ್ದಿ. ನಿನ್ನ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಅದರಲ್ಲಿ ನಿಮ್ಮ ಯೂನಿಯನ್ನಿನ ವಕೀಲ, ಆ ಕನ್ನಡಕದವನು, ಏಳು ಸಲ ಬಂದಿದ್ದಾನೆ. ನಾನು ಮೂರು ಸಲ ಬಂದಿದ್ದೇನೆ, ಅದರಲ್ಲೊಂದು ಸಲ ನನ್ನ ಉಣ್ಣೆಯ ಟೋಪಿ ಒಗೆಯಲು ಹಾಕಿ ಎಂಬುದಕ್ಕೆ. ಕನ್ನಡಕದವನು ಹೊಸ ಕಾರ್ಮಿಕ ಮಸೂದೆಯ ಸಮಿತಿಯ ಮುಂದೆ ಹೀಗೆ ಮಾತಾಡಿದ, ಕನ್ನಡಕದವನು ಮಸೂದೆಯ ಒಂದೊಂದು ಸಾಲನ್ನೂ ಬಾಯಿಪಾಠ ಮಾಡಿದ್ದಾನೆ, ಕನ್ನಡಕದವನು ಚಹಾಕ್ಕೆ ಸಕ್ಕರೆಯೇ ಹಾಕಿಕೊಳ್ಳುವುದಿಲ್ಲ. ಆ ಮಹಾನುಭಾವ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾನೋ ಇಲ್ಲವೋ ನನಗೇನಾಗಬೇಕು? ನನಗೆ ಹೊಟ್ಟೆಕಿಚ್ಚು ಎಂದು ನೀನು ನಗುತ್ತೀಯ. ಹೌದು, ಹೊಟ್ಟೆಕಿಚ್ಚೇ. ಬಚ್ಚಿಡುವುದೇನಿದೆ, ಹದಿನಾರು ವರ್ಷದ ಹಿಂದೆ ಕಟ್ಟಿಕೊಂಡ ಹೆಂಡತಿಯ ಹತ್ತಿರ.

ನಮ್ಮ ಆಫೀಸಿನಲ್ಲೂ ಹಗಲಿಡೀ ನಿಮ್ಮದೇ ಮಾತು. ಈಗಿರುವ ಕಾನೂನಿನಲ್ಲಿ ಕಾರ್ಮಿಕರು ಯೂನಿಯನ್ ಬೇಕೆಂದು ಅರ್ಜಿ ಕೊಟ್ಟರೆ ಮಾಲೀಕನಿಗೆ ಅರವತ್ತು ದಿನ ಮೊದಲು ತಿಳಿಸಿ, ಫ್ಯಾಕ್ಟರಿಯ ಆವರಣದಲ್ಲೇ ಮತಪೆಟ್ಟಿಗೆ ಇಡಬೇಕು. ಹೊಸ ಮಸೂದೆ ಬಂದರೆ ಅದೊಂದೂ ಇಲ್ಲ. ಅರ್ಧಕ್ಕಿಂತ ಒಬ್ಬರು ಹೆಚ್ಚು ಜನ ನೀನು ಹಂಚುತ್ತಾ ತಿರುಗುವ ಆ ಗುಲಾಬಿ ಬಣ್ಣದ ಯೂನಿಯನ್ ಕಾರ್ಡಿಗೆ ಸಹಿ ಹಾಕಿದರೆ ಮುಗಿಯಿತು, ಯೂನಿಯನ್ ಆದಂತೆಯೇ. ನಮ್ಮ ಮಾಲೀಕರ ಸಂಘದವರಿಗೆ ನಿದ್ದೆ ಹಾರಿಹೋಗಿರುವುದು ಇದಕ್ಕೇ. ನಮ್ಮ ಸೆಕ್ರೆಟರಿ ದಿನಕ್ಕೆ ನಾಲ್ಕು ಸಲ ಮೇಜು ಗುದ್ದಿ, "ಗುಪ್ತ ಮತದಾನ ಅಂದ್ರೆ ಪವಿತ್ರವಾದದ್ದು ಕಣ್ರೀ! ಯಾರೋ ಕಾರ್ಡ್ ಹಿಡ್ಕೊಂಡು ಮನೆ ಬಾಗಿಲಿಗೆ ಬಂದ್ರೆ ಪಾಪ ಯಾರು ತಾನೇ ಇಲ್ಲ ಅಂತಾರೆ?" ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರ ಭಾಷಣ ಬರೆದುಕೊಟ್ಟವನೇ ನಾನಲ್ಲವೇ.

ಈ ಮಾತನ್ನು ಮನೆಯಲ್ಲಿ ಅತ್ತೆಗೂ ಹೇಳಿದೆ. ಅವರು ಅವರೆಕಾಯಿ ಸುಲಿಯುವಂತೆ ನನ್ನನ್ನು ಸುಲಿದರು. "ನಿಮ್ಮ ಮಾಲೀಕರು ನಿಮ್ಮ ಸಂಘಕ್ಕೆ ಸೇರೋವಾಗ ಮತ ಹಾಕ್ತಾರಾ?" ಇಲ್ಲ ಅತ್ತೆ, ಅರ್ಜಿಗೆ ಸಹಿ ಹಾಕ್ತಾರೆ. "ಓಹೋ. ಅವರಿಗಾದ್ರೆ ಒಂದು ಸಹಿ ಸಾಕು. ಇವರಿಗೆ ಮಾತ್ರ ಪೆಟ್ಟಿಗೆ, ಅರವತ್ತು ದಿನ, ಮೇಲೊಬ್ಬ ಕಾವಲುಗಾರ." ನಾನು ಹಾಲು ತರಲು ಹೊರಗೆ ಹೋದೆ. ಮನೆಯಲ್ಲಿ ಹಾಲು ಇತ್ತು.

ಈಗ ನಿನಗೆ ಹೇಳಬಾರದ ಒಂದು ಮಾತು. ಸಮಿತಿಯ ಮುಂದಿಡಲು ಕಾರ್ಮಿಕರೇ ಬರೆದ ನೂರು ಕಾಗದ ಬೇಕಾಗಿದೆ, ಹೊಸ ಕಾನೂನು ನಮಗೆ ಬೇಡ ಎಂದು. ಬರೆಯುವವರು ನಾವು. ನಾನು ಕುರ್ಚಿಯಲ್ಲಿ ಕೂತು ಒಂದು ಸಲ ಬಾಯ್ಲರಿನವನಾಗಿ, ಒಂದು ಸಲ ಪ್ಯಾಕಿಂಗ್ ಹೆಂಗಸಾಗಿ ಬಾಯಲ್ಲಿ ಹೇಳುತ್ತಾ ಹೋಗುತ್ತೇನೆ, ಟೈಪಿಸ್ಟುಗಳು ಬೇರೆಬೇರೆ ಕಾಗದದ ಮೇಲೆ ಬೇರೆಬೇರೆ ಶಾಯಿಯಲ್ಲಿ ಕೈಯಾರೆ ಬರೆಯುತ್ತಾರೆ. ನಮ್ಮ ಎಡಚಿ ಟೈಪಿಸ್ಟು ಗೊತ್ತಲ್ಲ, ಎರಡೂ ಕೈಯಲ್ಲಿ ಬರೆಯುವವಳು, ಅವಳೊಬ್ಬಳೇ ಇಬ್ಬರ ಕೆಲಸ ಮಾಡುತ್ತಾಳೆ. ಮೂಲೆಯಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಡುತ್ತೇವೆ. ಒಂದು ಚುಕ್ಕಿಯಾದರೆ ಗಂಡಸು, ಎರಡಾದರೆ ಮದುವೆಯಾದ ಹೆಂಗಸು, ಮೂರಾದರೆ ಮದುವೆಯಾಗದವಳು. ಫ್ಯಾಕ್ಟರಿಯ ಸೂಪರ್‌ವೈಸರ್ ಚುಕ್ಕಿ ನೋಡಿ ತಕ್ಕವರಿಂದ ಸಹಿ ಹಾಕಿಸಿ, ಚುಕ್ಕಿ ಅಳಿಸಿ ವಾಪಸ್ಸು ಕಳಿಸುತ್ತಾನೆ. ಸೆಕ್ರೆಟರಿಯನ್ನು ಕೇಳಿದರೆ, "ಅವರಿಗೆ ಅನ್ಸಿದ್ದನ್ನ ಬರೆಯೋಕೆ ಬರಲ್ಲ, ನಾವು ಬರೆದುಕೊಡ್ತೀವಿ ಅಷ್ಟೇ. ಸಹಿ ಅವರದ್ದೇ ಅಲ್ವಾ?" ಅನ್ನುತ್ತಾರೆ.

ಇದನ್ನು ನೀನು ಕನ್ನಡಕದವನ ಕಿವಿಗೆ ಹಾಕಿದರೆ ನನ್ನ ಕೆಲಸ ಹೋಯಿತು ಎಂದೇ ತಿಳಿ. ನೀನು ಹಾಕುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹಾಕುತ್ತೀಯೋ ಏನೋ ನೋಡೋಣ ಎಂದೂ ಬರೆಯುತ್ತಿದ್ದೇನೆ. ನನ್ನ ಬುದ್ಧಿ ನಿನಗೆ ಗೊತ್ತಿರುವುದೇ.

ಉಣ್ಣೆಯ ಟೋಪಿ ಒಗೆದಿದೆ. ಕುಗ್ಗಿ ಬಟ್ಟಲಿನಷ್ಟಾಗಿದೆ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಗಂಟುಮೋರೆ


ಫೆಬ್ರವರಿ ೨೦, ಗುರುವಾರ

ಜಗಳಗಂಟಿಗೆ,

ಈ ಸಲ ತಡ ಮಾಡಿದವಳು ನೀನು. ಹನ್ನೊಂದು ದಿನಕ್ಕೆ ಐದು ಸಾಲಿನ ಕಾಗದ! ಅದರಲ್ಲಿ ನನ್ನ ಚುಕ್ಕಿಗಳ ಬಗ್ಗೆ ಚಕಾರವಿಲ್ಲ. "ನೀವು ಬರೆದದ್ದು ಓದಿದೆ, ಬೇಜಾರಾಯಿತು" ಎಂದು ಒಂದು ಸಾಲು, "ವಕೀಲರು ಸ್ಕೂಟರಿನಲ್ಲಿ ಬಿಟ್ಟರು, ಇಲ್ಲದಿದ್ದರೆ ಮಳೆಯಲ್ಲಿ ನೆನೆಯುತ್ತಿದ್ದೆ" ಎಂದು ಎರಡು ಸಾಲು. ನನ್ನ ಮೇಲಿನ ಬೇಜಾರಿಗಿಂತ ಸ್ಕೂಟರಿಗೆ ಒಂದು ಸಾಲು ಹೆಚ್ಚು. ಆ ಊರಿನಲ್ಲಿ ಬಸ್ಸುಗಳೆಲ್ಲ ಸತ್ತುಹೋದವೇ? ಕೊಡೆ ಮಾರುವವರು ಊರು ಬಿಟ್ಟರೇ?

ಅತ್ತೆಯ ಎದುರಿಗೆ ಸುಮ್ಮನೆ ಸ್ಕೂಟರಿನ ಮಾತೆತ್ತಿದೆ. "ಅವಳು ನೆನೆದು ಜ್ವರ ಬಂದು ಮಲಗಿದ್ರೆ ನಿಮಗೆ ಸಮಾಧಾನವಾಗ್ತಿತ್ತಾ ಅಳಿಯಂದ್ರೇ?" ಎಂದರು. ಒಂದು ಕ್ಷಣ ಆಗುತ್ತಿತ್ತು ಎಂದೇ ಅನಿಸಿತು. ಹೋಗಿ ನಿನ್ನ ಕುಂಡದ ಗಿಡಕ್ಕೆ ನೀರು ಹಾಕಿದೆ. ನಿನಗೆ ಪಾಪ ಜ್ವರ ಬರಲಿ ಎಂದುಕೊಂಡೆನಲ್ಲ ಎಂದು ಇನ್ನೊಂದು ಚೊಂಬು ಹಾಕಿದೆ. ಈಗ ಗಿಡ ಕೊಳೆಯುತ್ತಿದೆ.

ಆಫೀಸಿನಲ್ಲೂ ನನ್ನನ್ನು ಕಂಡರೆ ಆಗದವರ ಗುಂಪೊಂದು ಹುಟ್ಟಿಕೊಂಡಿದೆ. ನಾನು ಟೈಪಿಸ್ಟುಗಳ ಕೋಣೆಗೆ ಕಾಲಿಟ್ಟರೆ ಮಾತು ಗಕ್ಕನೆ ನಿಲ್ಲುತ್ತದೆ. ಮೊನ್ನೆ ಎಡಚಿ ತನ್ನ ಡ್ರಾಯರನ್ನು ಎಷ್ಟು ಜೋರಾಗಿ ತಳ್ಳಿದಳೆಂದರೆ ಬೆರಳು ಸಿಕ್ಕಿ "ಅಯ್ಯಪ್ಪಾ" ಎಂದಳು. "ಏನಮ್ಮಾ ಅದು?" ಎಂದೆ. "ಏನಿಲ್ಲ ಸಾರ್, ತಿಂಡಿ ಡಬ್ಬಿ." ತಿಂಡಿ ಡಬ್ಬಿಗೆ ಗುಲಾಬಿ ಬಣ್ಣದ ಮೂಲೆ ಇರುತ್ತದೆಯೇ? ನಾನೇನು ಕುರುಡನೇ? ಆದರೂ ಕೇಳಲಿಲ್ಲ. ನೂರು ಸಲ ಕೈಯಾರೆ "ಈ ಕಾನೂನು ನಮಗೆ ಬೇಡ" ಎಂದು ಬರೆಯಬೇಕಾದರೆ ಆ ಕಾನೂನು ಏನೆಂದು ಓದಲೇಬೇಕಲ್ಲ. ಓದಿದರು. ನಮ್ಮ ಖರ್ಚಿನಲ್ಲೇ ಓದಿಕೊಂಡರು. ಅವರಿಗೆ ಮಸೂದೆ ಈಗ ನಿನ್ನ ಕನ್ನಡಕದವನಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ.

ಸೆಕ್ರೆಟರಿಗೆ ಮಾತ್ರ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ಯಾರೋ ದೊಡ್ಡ ಮಾಲೀಕರು ಬಂದಿದ್ದಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಇವರ ಮನೆಯವರು ಆ ಯೂನಿಯನ್ ಕಡೆ. ಇವರು ನಮ್ಮ ಕಡೆ. ಶತ್ರುವಿನ ಅಡುಗೆಮನೇಲೇ ನಮ್ಮೋರಿದಾರೆ ನೋಡಿ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಹಳ ಹೊತ್ತು ಆ ಭುಜವನ್ನು ಒರೆಸಿಕೊಳ್ಳಬೇಕು ಅನಿಸುತ್ತಿತ್ತು.

ಇನ್ನೊಂದು ವಿಷಯ. ನಿನ್ನೆ ಕೆಲಸದಿಂದ ಬಂದವನೇ ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಬರೆದೆ, ಆ ನೂರರಲ್ಲಿ ಮೂವತ್ತೇಳನೆಯದು. ಬಾಯಲ್ಲಿ ಹೇಳಿ ಬರೆಸಲಿಲ್ಲ, ನಾನೇ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಬರೆದಿಲ್ಲ. ಅದರಲ್ಲಿ ಏನಿದೆ ಎಂದು ನಿನಗೆ ಹೇಳುವುದಿಲ್ಲ. ನೀನು ನನಗೆ ಎಲ್ಲವನ್ನೂ ಹೇಳುತ್ತೀಯಾ? ನಿನ್ನ ಸ್ಕೂಟರಿಗೆ ನನ್ನ ನಮಸ್ಕಾರ ತಿಳಿಸು.

ಗಂಟುಮೋರೆ


ಮಾರ್ಚ್ ೬, ಗುರುವಾರ

ನನ್ನ ಜಗಳಗಂಟಿಗೆ,

ಹೇಗಿದ್ದೀಯ ಎಂದು ಕೇಳಲು ಮುಖವಿಲ್ಲ. ಆದರೂ, ಹೇಗಿದ್ದೀಯ? ಮೂರು ಸಲ ಈ ಕಾಗದ ಶುರು ಮಾಡಿ ಮೂರು ಸಲ ಹರಿದೆ, ಅದಕ್ಕೇ ಇಷ್ಟು ತಡ. ಅತ್ತೆ ಕಸದ ಬುಟ್ಟಿ ನೋಡಿ, "ಅಷ್ಟೊಂದು ಕಾಗದ ಹರಿಯೋ ಬದಲು ರೈಲು ಹತ್ತಿ ಹೋಗಿ ಅವಳ ಕಾಲು ಹಿಡಿದಿದ್ರೆ ಆಗ್ತಿರಲಿಲ್ವಾ?" ಎಂದರು. ಆಗ ಅವರಿಗೆ ನಾನು ಏನೂ ಹೇಳಿರಲಿಲ್ಲ. ನೀನು ಹೇಳಿರಬಹುದು, ಅಥವಾ ನನ್ನ ಮುಖ ಹೇಳಿರಬಹುದು.

ಸಮಿತಿಯ ಮುಂದೆ ಆ ದಿನ ನಡೆದದ್ದನ್ನು ನೀನು ಕಣ್ಣಾರೆ ಕಂಡವಳು. ನನಗೆ ತಲುಪಿದ್ದು ಸೆಕ್ರೆಟರಿಯ ಬಾಯಿಂದ. ಮರುದಿನ ಬೆಳಗ್ಗೆ ಅವರು ಕೆಂಡದಂಥ ಮುಖ ಹೊತ್ತು ಆಫೀಸಿಗೆ ಬಂದು, ಕೋಟನ್ನೂ ಬಿಚ್ಚದೆ ಎಲ್ಲವನ್ನೂ ಒದರಿದರು. ಅಧ್ಯಕ್ಷರು ನೂರು ಕಾಗದದ ಕಟ್ಟಿನಿಂದ ಒಂದನ್ನು ಎಳೆದರಂತೆ. ನೂರರಲ್ಲಿ ಅದೇ ಅವರ ಕೈಗೆ ಬರಬೇಕೇ! ಇಡೀ ಸಭೆಗೆ ಕೇಳುವಂತೆ ಓದಿದರಂತೆ. ನಾನು ಬರೆದದ್ದು ನನಗೆ ಅಕ್ಷರಶಃ ನೆನಪಿದೆ, ನಿನಗೂ ಇರುತ್ತದೆ. ಆದರೂ ಇಲ್ಲಿ ಇನ್ನೊಂದು ಸಲ ಬರೆಯುತ್ತೇನೆ. ಒಂದು ಸಲವಾದರೂ ಇದು ಸರಿಯಾದ ವಿಳಾಸಕ್ಕೆ ಬರಲಿ.

"ಮಾನ್ಯರೇ, ನನ್ನ ಗಂಡ ಯೂನಿಯನ್ನಿಗೆ ಸೇರಿದ ಮೇಲೆ, ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾಯುವುದೇ ನನ್ನ ಕೆಲಸವಾಗಿದೆ. ಮೊದಲೆಲ್ಲ ತಮ್ಮ ಲೋಟದ ಚಹಾದಲ್ಲಿ ಅರ್ಧ ನನ್ನ ಲೋಟಕ್ಕೆ ಸುರಿಯುತ್ತಿದ್ದರು. ಈಗ ಅವರ ಚಹಾ ಮೀಟಿಂಗಿನಲ್ಲೇ ಮುಗಿದಿರುತ್ತದೆ. ಊರಿನವರ ಕಷ್ಟವೆಲ್ಲ ಅವರ ಕಿವಿಗೆ ಬೀಳುತ್ತದೆ. ಅಡುಗೆಮನೆ ಕಿಟಕಿಯ ಚಿಲಕ ಮುರಿದು ನೀಲಿ ಲೇಸು ಕಟ್ಟಿದ್ದೇನೆ, ಅದನ್ನು ಕೇಳುವವರಿಲ್ಲ. ಕಾನೂನು ಬದಲಾದರೆ ಇವರು ಎಲ್ಲರ ಮನೆಯ ಬಾಗಿಲಿಗೂ ಹೋಗುತ್ತಾರೆ, ತಮ್ಮ ಮನೆಯೊಂದನ್ನು ಬಿಟ್ಟು."

ಸಮಿತಿಯಲ್ಲಿದ್ದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರಂತೆ. ಸೆಕ್ರೆಟರಿ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತರಂತೆ. ಅಷ್ಟರಲ್ಲಿ ಅಧ್ಯಕ್ಷರು, ಸಹಿ ಹಾಕಿದ ತಾಯಿ ಇಲ್ಲಿ ಬಂದಿದ್ದಾರೆಯೇ ಎಂದು ಕೇಳಿದರು. ಬಂದಿದ್ದಳು. ನಮ್ಮವರೇ ಬಸ್ಸು ಮಾಡಿ ಕರೆದೊಯ್ದಿದ್ದ ಬಾಟಲಿ ಫ್ಯಾಕ್ಟರಿಯ ಹೆಂಗಸು. ಎದ್ದು ನಿಂತು ಅವಳು ಹೇಳಿದ್ದನ್ನು ಸೆಕ್ರೆಟರಿ ಹಲ್ಲು ಕಡಿಯುತ್ತಾ ಹೇಳಿದರು. "ಯಾವ ಗಂಡ ಸ್ವಾಮಿ? ನನಗೆ ಮದುವೇನೇ ಆಗಿಲ್ಲ. ಸೂಪರ್‌ವೈಸರ್ ಇಲ್ಲಿ ಸಹಿ ಹಾಕು ಅಂದ್ರು, ಹಾಕ್ದೆ. ಆ ಗಂಡ ಎಲ್ಲಾದ್ರೂ ಸಿಕ್ಕಿದ್ರೆ ಕರೀರಿ, ನಾನೂ ಒಂದ್ಸಲ ನೋಡ್ತೀನಿ."

ನೀವೆಲ್ಲ ಬಿದ್ದು ಬಿದ್ದು ನಕ್ಕಿರಂತೆ. ಕನ್ನಡಕದವನು ಕನ್ನಡಕ ತೆಗೆದು ಒರೆಸಿಕೊಂಡನಂತೆ. ನೀನೊಬ್ಬಳು ನಗಲಿಲ್ಲವಂತೆ.

ತಪ್ಪು ಹೇಗಾಯಿತು ಎಂದು ಯಾರಿಗೂ ತಿಳಿಯದು, ನನಗೆ ತಿಳಿದಿದೆ. ಅದರ ಮೂಲೆಯಲ್ಲಿ ಚುಕ್ಕಿ ಇರಲಿಲ್ಲ. ಚುಕ್ಕಿ ಇಡುವವರು ಟೈಪಿಸ್ಟುಗಳು, ಬರೆದು ಮುಗಿಸಿದ ಮೇಲೆ. ಉಳಿದ ತೊಂಬತ್ತೊಂಬತ್ತನ್ನು ಬಾಯಿ ತುಂಬ ಹೇಳಿ ಬರೆಸಿದವನಿಗೆ ಇದೊಂದನ್ನು ಎಡಚಿಯ ಮುಂದೆ ಹೇಳಲು ನಾಚಿಕೆಯಾಯಿತು. ಅವಳ ಎದುರಿಗೆ ಚಹಾದ ಲೋಟದ ಮಾತು ಹೇಗೆ ಆಡಲಿ? ಅದಕ್ಕೇ ಮನೆಯಲ್ಲೇ ಬರೆದು, ಮಡಚಿ, ಬಾಟಲಿ ಫ್ಯಾಕ್ಟರಿಯ ಕಟ್ಟಿನ ನಡುವೆ ಕಳ್ಳನ ಹಾಗೆ ತುರುಕಿದೆ. ಸೂಪರ್‌ವೈಸರ್ ಚುಕ್ಕಿ ಹುಡುಕಿರಬೇಕು, ಕಾಣದೆ ಎದುರಿಗಿದ್ದವಳ ಕೈಗೆ ಕೊಟ್ಟಿರಬೇಕು.

ಆಮೇಲೆ ಅಧ್ಯಕ್ಷರು ಆ ಕಾಗದವನ್ನು ಎಲ್ಲರೂ ನೋಡಲಿ ಎಂದು ಕೈಯಿಂದ ಕೈಗೆ ದಾಟಿಸಿದರಂತೆ. ಅದು ನಿನ್ನ ಕೈಗೂ ಬಂತು. ಸೆಕ್ರೆಟರಿ ನೋಡುತ್ತಲೇ ಇದ್ದರು. "ನಿಮ್ಮ ಮನೆಯವರು ಅದನ್ನ ಬಹಳ ಹೊತ್ತು ಹಿಡಿದುಕೊಂಡಿದ್ರು ಕಣ್ರೀ. ಆ ವಕೀಲ ಬಗ್ಗಿ, ಈ ಕೈಬರಹ ಯಾರದ್ದಿರಬಹುದು ಅಂತ ಕೇಳಿದ. ಗೊತ್ತಿಲ್ಲ ಅಂದ್ರು. ಪಕ್ಕದವರಿಗೆ ಕೊಟ್ರು." ಹೀಗೆ ಹೇಳಿ ಸೆಕ್ರೆಟರಿ ನೀರು ಕುಡಿದರು.

ನನ್ನ ಅಕ್ಷರ ನಿನಗೆ ಗೊತ್ತಿಲ್ಲವೇ? ಮದುವೆಗೆ ಮುಂಚೆ, ನೀನು ನೂಲಿನ ಗಿರಣಿಯಲ್ಲಿದ್ದಾಗ, ವಾರಕ್ಕೆರಡು ಕಾಗದ ಬರೆದವನು ನಾನು. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದು ನನ್ನ ಗಂಡನ ಕೈ, ಮಾಲೀಕರ ಸಂಘದ ಆಫೀಸಿನಲ್ಲಿ ಕೂತು ನೂರನ್ನೂ ಬರೆಸಿದವರು ಅವರೇ ಎಂದಿದ್ದರೆ ಅಲ್ಲಿಗೆ ನಮ್ಮ ಕಡೆಯ ವಾದದ ಕಥೆ ಮುಗಿಯುತ್ತಿತ್ತು. ಚುಕ್ಕಿಗಳ ಕಥೆಯನ್ನೂ ನಾನೇ ನಿನ್ನ ಕೈಗೆ ಕೊಟ್ಟಿದ್ದೆ. ಹನ್ನೆರಡು ವರ್ಷ ನೀನು ಬಸ್ಸು ಹತ್ತಿ ಇಳಿದು ಕಾದದ್ದು ಆ ಒಂದು ದಿನಕ್ಕೆ. ಕನ್ನಡಕದವನು ಪಕ್ಕದಲ್ಲೇ ಕೂತು ಕೇಳುತ್ತಿದ್ದಾನೆ. ಆದರೂ ನೀನು ಗೊತ್ತಿಲ್ಲ ಎಂದೆ. ನನ್ನ ಮೇಲಿನ ಪ್ರೀತಿಯಿಂದಲೋ, ಇಂಥವನು ನನ್ನ ಗಂಡ ಎಂದು ಹೇಳಿಕೊಳ್ಳಲು ನಾಚಿಕೆಯಾಗಿಯೋ ಎಂದು ಹತ್ತು ದಿನದಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಎರಡರಲ್ಲಿ ಯಾವುದೇ ಆಗಿರಲಿ, ನನಗೆ ತಡೆದುಕೊಳ್ಳಲಾಗುತ್ತಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ಸೋಮವಾರ ಸೆಕ್ರೆಟರಿ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಎಡಚಿ ಟೈಪಿಸ್ಟು ಯೂನಿಯನ್ನಿನವರ ಜೊತೆ ಸೇರಿಕೊಂಡು, ಸಂಘದ ಮಾನ ಕಳೆಯಲೆಂದೇ ಆ ಕಾಗದವನ್ನು ಬರೆದು ಕಟ್ಟಿನಲ್ಲಿ ಸೇರಿಸಿದ್ದಾಳೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಅವಳ ಡ್ರಾಯರಲ್ಲಿ ಕಾರ್ಡ್ ಸಿಕ್ಕಿದಾವೆ," ಎಂದರು. "ಎರಡೂ ಕೈಯಲ್ಲಿ ಬರೀತಾಳೆ, ಯಾವ ಅಕ್ಷರ ಬೇಕಾದ್ರೂ ಬರೀತಾಳೆ. ಯಾರು ತಾನೇ ನಂಬಲ್ಲ? ಸಹಿ ಹಾಕಿ, ಇವತ್ತೇ ಅವಳನ್ನ ಕಳಿಸಿಬಿಡ್ತೀನಿ, ಸಮಿತಿಗೂ ಇದನ್ನೇ ಕೊಡ್ತೀನಿ."

ಪೆನ್ನು ಕೈಗೆ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ ನಿನಗೆ, ತೆಗೆದುಕೊಂಡೆ. ಅವಳ ಮೇಲೂ ನನಗೆ ಉರಿಯುತ್ತಿತ್ತು. ನಿನ್ನ ಕಾರ್ಡು ಅವಳ ಡ್ರಾಯರಿನಲ್ಲಿ ಇದ್ದದ್ದಕ್ಕೆ, ನನ್ನನ್ನು ಕಂಡು ಮಾತು ನಿಲ್ಲಿಸಿದ್ದಕ್ಕೆ. ಆಮೇಲೆ ಹಾಳೆಯ ಮೇಲಿನ ಸಹಿಯ ಗೆರೆ ನೋಡಿದೆ. ಬಾಟಲಿ ಫ್ಯಾಕ್ಟರಿಯವಳ ಮುಂದೆಯೂ ಇಂಥದ್ದೇ ಗೆರೆ ಇಟ್ಟಿದ್ದರಲ್ಲ, ಇಲ್ಲಿ ಹಾಕು ಎಂದು. ಬರೆದವನು ಬೇರೆ, ಹಾಕುವವಳು ಬೇರೆ. ಇದೇ ಕೆಲಸ ತೊಂಬತ್ತೊಂಬತ್ತು ಸಲ ನಾನೇ ಮಾಡಿಸಿದ್ದೇನೆ. ಈಗ ನನ್ನ ಸರದಿ.

"ಅದು ನನ್ನ ಕೈಬರಹ ಸಾರ್," ಎಂದೆ.

"ತಮಾಷೆ ಮಾಡ್ಬೇಡ್ರೀ. ನಿಮ್ಮ ಅಕ್ಷರ ನಾನು ನೋಡಿಲ್ವಾ?"

"ಇಲ್ಲ ಸಾರ್. ನಿಮಗೆ ಹನ್ನೊಂದು ವರ್ಷದಿಂದ ಬಾಯಲ್ಲಿ ಹೇಳಿ ಟೈಪ್ ಮಾಡಿಸೇ ಕೊಟ್ಟಿದೀನಿ. ಕೈಯಲ್ಲಿ ಬರೆಯೋದು ಹೆಂಡ್ತಿಗೆ ಮಾತ್ರ."

ಅವರು ನನ್ನ ಮುಖ ನೋಡಿದರು. ನಾನು ಆ ಹಾಳೆಯ ಹಿಂಬದಿಯಲ್ಲಿ "ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು" ಎಂದು ಬರೆದು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಕೊನೆಗೆ, "ನೀಲಿ ಲೇಸು?" ಎಂದರು. ಇದೆ ಸಾರ್, ಈಗಲೂ ಅದೇ ಕಟ್ಟಿದೆ ಎಂದೆ. "ಥೂ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಳೆಯಿಂದ ಬರಬೇಡಿ ಎಂದಷ್ಟೇ ಹೇಳಿದರು.

ಸಮಿತಿಯ ಅಧ್ಯಕ್ಷರಿಗೆ ನಿನ್ನೆ ಒಂದು ಕಾಗದ ಹಾಕಿದೆ, ನನ್ನ ಕೈಬರಹದಲ್ಲೇ, ನನ್ನ ಹೆಸರಿನಲ್ಲೇ, ನನ್ನ ಸಹಿಯೊಂದಿಗೆ. ನೂರನ್ನೂ ಬರೆಸಿದವನು ನಾನು, ಚುಕ್ಕಿಗಳು ಇಂತಿಂಥವು, ಮೂವತ್ತೇಳನೆಯದನ್ನು ಬರೆದವನೂ ನಾನೇ, ಅದರಲ್ಲಿರುವ ಗಂಡ ಗಂಡನಲ್ಲ, ಹೆಂಡತಿ, ಅವಳು ನಿಮ್ಮ ಸಭೆಯಲ್ಲೇ ಕೂತಿದ್ದಳು ಎಂದೂ ಬರೆದಿದ್ದೇನೆ. ನೀನು ಇನ್ನು ಗೊತ್ತಿಲ್ಲ ಎನ್ನಬೇಕಾಗಿಲ್ಲ. ಕನ್ನಡಕದವನಿಗೆ ಅದರ ನಕಲು ಬೇಕಾದರೆ ಕೊಡು. ಅವನಿಗೆ ನಾನು ಕೊಡುವ ಮೊದಲ ವಸ್ತು ಇದು, ಜೋಪಾನವಾಗಿ ಇಟ್ಟುಕೊಳ್ಳಲಿ. ನಿನ್ನನ್ನು ಮಳೆಯಲ್ಲಿ ನೆನೆಯಲು ಬಿಡದಿದ್ದುದಕ್ಕೆ ಅವನಿಗೆ ಥ್ಯಾಂಕ್ಸ್ ಹೇಳು. ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ, ಆದರೂ ಹೇಳು.

ಕೆಲಸ ಹೋದ ಸುದ್ದಿಯನ್ನು ಕೊನೆಗೂ ಅತ್ತೆಗೆ ಹೇಳಿದೆ. ಅವರು ನನ್ನ ಎದುರಿಗೆ ಚಹಾ ತಂದಿಟ್ಟು, ತಮ್ಮ ಲೋಟದಲ್ಲಿ ಅರ್ಧ ನನ್ನ ಲೋಟಕ್ಕೆ ಸುರಿದರು. ಈ ಅಭ್ಯಾಸ ನಿನಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಾದದ್ದು ಇವತ್ತು. ಬಡಗಿಗೂ ಹೇಳಿಕಳಿಸಿದ್ದೇನೆ.

ಮುಂದಿನ ವಾರ ಮತಕ್ಕೆ ಹಾಕುತ್ತಾರಂತಲ್ಲ. ನಿನ್ನ ಕಾನೂನು ಬರಲಿ. ನಿನ್ನ ಹನ್ನೆರಡು ವರ್ಷದ ಓಡಾಟಕ್ಕೆ ಫಲ ಸಿಗಲಿ. ಹೋದ ಬಾಗಿಲಲ್ಲೆಲ್ಲ ನಿನ್ನನ್ನು ಒಳಗೆ ಕರೆದು ಕೂರಿಸಲಿ. ಹರಸುವಷ್ಟು ದೊಡ್ಡವನಲ್ಲ ನಾನು, ನಿನಗಿಂತ ಐದು ವರ್ಷಕ್ಕೆ ಹಿರಿಯ ಎನ್ನುವ ಒಂದೇ ಹಕ್ಕಿನ ಮೇಲೆ ಹರಸುತ್ತಿದ್ದೇನೆ.

ನಿನ್ನವನೇ, ಬೇಕೆಂದರೆ,
ಗಂಟುಮೋರೆ

ಮರೆತ ಮಾತು: ಮೇಜು ಖಾಲಿ ಮಾಡುವಾಗ ಎಡಚಿ ನನ್ನ ಹತ್ತಿರ ಬಂದು ಅತ್ತಳು. ಆಗ ಕೇಳಿದೆ, ನಿಮ್ಮ ಕಾರ್ಡಿಗೆ ಎಷ್ಟು ಜನ ಸಹಿ ಹಾಕಿದ್ದಾರೆ ಎಂದು. ಆಫೀಸಿನ ಹನ್ನೊಂದು ಜನರಲ್ಲಿ ಐವರಂತೆ. ಆರನೆಯವರು ಸಿಗದೆ ಒಂದು ತಿಂಗಳಿಂದ ಒದ್ದಾಡುತ್ತಿದ್ದಾರಂತೆ. "ಮತ್ತೆ ನನ್ನನ್ನ ಯಾಕಮ್ಮಾ ಕೇಳಲಿಲ್ಲ?" ಎಂದೆ. ಅವಳು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ, "ನಿಮ್ಮ ಮನೆ ಅಮ್ಮಾವ್ರೇ ಹೇಳಿದ್ರು ಸಾರ್. ಅವರನ್ನ ಕೇಳಬೇಡಿ ಅಂತ," ಎಂದಳು.

ಹನ್ನೆರಡು ವರ್ಷದಿಂದ ನಿನ್ನ ಚೀಲ ಊಟದ ಮೇಜಿನಲ್ಲಿ ನನ್ನ ಕುರ್ಚಿಯ ಬೆನ್ನಿಗೇ ನೇತಾಡುತ್ತಿದೆ. ರಬ್ಬರ್ ಬ್ಯಾಂಡ್ ಹಾಕಿದ ಆ ಕಾರ್ಡುಗಳ ಕಟ್ಟು ನನ್ನ ಬೆನ್ನಿಗೆ ಒತ್ತುತ್ತದೆ. ನೀನು ಬಸ್ಸಿನ ಕಂಡಕ್ಟರಿಗೆ ಕಾರ್ಡು ಕೊಟ್ಟೆ, ನನ್ನ ತಲೆ ಕತ್ತರಿಸುವವನಿಗೆ ಕೊಟ್ಟೆ, ಹಾಲಿನವನಿಗೂ ಕೊಟ್ಟೆ. ನನಗೆ ಹೊಟ್ಟೆಕಿಚ್ಚು ಆ ಕನ್ನಡಕದವನ ಮೇಲಲ್ಲ ಕಣೇ, ಇವರೆಲ್ಲರ ಮೇಲೆ. ಕೇಳಿದ್ದರೆ ನಾನು ಸಹಿ ಹಾಕುತ್ತಿದ್ದೆ ಎಂದು ಹೇಳುವುದಿಲ್ಲ. ಬಹುಶಃ ಹಾಕುತ್ತಿರಲಿಲ್ಲ, ಮೇಲಾಗಿ ಒಂದು ಭಾಷಣ ಬಿಗಿಯುತ್ತಿದ್ದೆ. ಕೆಲಸವಿಲ್ಲದವನ ಸಹಿ ಈಗ ಲೆಕ್ಕಕ್ಕೂ ಬರುವುದಿಲ್ಲವಂತೆ. ಆದರೂ ಬರುವಾಗ ಆ ಕಟ್ಟಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಇಟ್ಟು, ಒಂದೇ ಒಂದು ಸಲ ಕೇಳು.